ಕಂದಬೀಜ: ಆಲೂಗಡ್ಡೆಯ ಕಣ್ಣು ಮತ್ತು ಜೀವವಿಚಾರದ ಎರಡು ಪರಂಪರೆಗಳು

ಶ್ರವಣಬೆಳಗೊಳವು ಇಂದು ಹಾಸನ ಜಿಲ್ಲೆಗೆ ಸೇರಿದೆ. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಗಂಗರ ಮಂತ್ರಿ ಚಾವುಂಡರಾಯನು ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಕಾಲದಲ್ಲಿ, ಆತನ ಗುರುವಾದ ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪ್ರಾಕೃತದಲ್ಲಿ ‘ಗೊಮ್ಮಟಸಾರ’ವನ್ನು ರಚಿಸಿದರು. ಅದರ ಜೀವಕಾಂಡದ ಕಾಯಮಾರ್ಗಣಾ ಪ್ರಕರಣದಲ್ಲಿ ಗಿಡಮರಗಳ ಜೀವಸ್ವರೂಪದ ವಿವೇಚನೆಯಿದೆ. ಸಾವಿರ ವರ್ಷಗಳ ಅನಂತರ ಅದೇ ಹಾಸನ ಜಿಲ್ಲೆಯು ಕರ್ನಾಟಕದಲ್ಲಿ ಆಲೂಗಡ್ಡೆಯ ಸೀಮೆಯೆಂದು ಹೆಸರಾಗಿದೆ. ಯಾವ ಕಂದವನ್ನು ಶ್ರಾವಕನು ತನ್ನ ಊಟದ ಎಲೆಯಿಂದ ದೂರವಿಡುವನೋ ಅದೇ ಕಂದವು ಬೆಟ್ಟದ ಸುತ್ತಲ ನಾಡಿನ ಹೊಲಗಳಲ್ಲಿ ಮುಂಗಾರಿನ ಬೆಳೆಯಾಗಿದೆ. ಇದು ಕಾಕತಾಳೀಯವಾದರೂ ಒಂದು ಪ್ರಶ್ನೆಯನ್ನು ಎದುರಿಗಿಡುತ್ತದೆ. ಆಗಮಗಳು ಕಾಣದ ಸಸ್ಯವೊಂದನ್ನು ಆಗಮದ ಯಾವ ವರ್ಗದಲ್ಲಿ, ಯಾವ ಪ್ರಮಾಣದಿಂದ ಸೇರಿಸಲಾಯಿತು? ಅದೇ ಸಸ್ಯದ ಗಡ್ಡೆ ಕಟ್ಟುವಿಕೆಯನ್ನೂ ಮೊಳೆಯುವಿಕೆಯನ್ನೂ ಕುರಿತು ಆಧುನಿಕ ಸಸ್ಯವಿಜ್ಞಾನವು ಕಂಡುಕೊಂಡದ್ದಕ್ಕೂ ಈ ವರ್ಗೀಕರಣಕ್ಕೂ ಇರುವ ಸಂಬಂಧವೇನು?

ಆಲು ಎಂಬ ಹೆಸರಿನ ತೊಡಕು

ಮೊದಲು ಹೆಸರಿನ ವಿಚಾರ. ಸಂಸ್ಕೃತದ ‘ಆಲು’, ‘ಆಲುಕ’ ಎಂಬ ಶಬ್ದಗಳು ಪ್ರಾಚೀನ ಗ್ರಂಥಗಳಲ್ಲಿ ತಿನ್ನಲು ಬರುವ ಗಡ್ಡೆಗಳಿಗೆ ಸಾಮಾನ್ಯವಾಗಿ ಸಲ್ಲುತ್ತವೆ. ಪಿಂಡಾಲು, ರಕ್ತಾಲು ಮೊದಲಾದ ಸಮಾಸಗಳೂ ಹಾಗೆಯೇ. ಇಂದಿನ ಆಲೂಗಡ್ಡೆಗೆ ಆ ಹೆಸರು ಬಂದುದು ಬಹಳ ತಡವಾಗಿ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿಯಲ್ಲಿ, ಟಿಟಿಕಾಕಾ ಸರೋವರದ ಸುತ್ತಲಿನ ಎತ್ತರದ ಪ್ರದೇಶದಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಕೃಷಿಗೆ ಒಳಪಟ್ಟ ಈ ಸಸ್ಯವು 1530ರ ದಶಕದಲ್ಲಿ ಸ್ಪೇನಿನವರ ಕಣ್ಣಿಗೆ ಬಿತ್ತು. ಯುರೋಪಿನ ನೆಲದಲ್ಲಿ ಅದು ಕಾಣಿಸಿಕೊಂಡುದು ಆ ಶತಮಾನದ ಉತ್ತರಾರ್ಧದಲ್ಲಿ. ಸ್ವಿಸ್ ಸಸ್ಯಜ್ಞ ಗ್ಯಾಸ್ಪರ್ ಬೌಹಿನ್ 1596ರಲ್ಲಿ ಅದಕ್ಕೆ ಸೊಲಾನಮ್ ಟ್ಯೂಬರೋಸಮ್ ಎಂಬ ಹೆಸರಿಟ್ಟನು. 1753ರಲ್ಲಿ ಲಿನೇಯಸನು ಅದನ್ನೇ ಉಳಿಸಿಕೊಂಡನು.

ಆದುದರಿಂದ 1025ರ ಸುಮಾರಿನ ‘ಲೋಕೋಪಕಾರ’ದಲ್ಲಾಗಲಿ, ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಾಗಲಿ ಗಡ್ಡೆಯ ಹೆಸರು ಬಂದರೆ ಅದನ್ನು ಇಂದಿನ ಆಲೂಗಡ್ಡೆಯೆಂದು ಓದುವುದು ಕಾಲದೋಷ. ಕನ್ನಡದ ಆಡುಮಾತೂ ಈ ಹೊಸತನಕ್ಕೆ ಸಾಕ್ಷಿ ನುಡಿಯುತ್ತದೆ. ಉತ್ತರ ಕರ್ನಾಟಕ ಮತ್ತು ಕರಾವಳಿಯ ‘ಬಟಾಟೆ’ಯು ಪೋರ್ಚುಗೀಸರ ಮೂಲಕ ಬಂದ ಅಮೆರಿಕದ ಶಬ್ದ, ಮೂಲದಲ್ಲಿ ಅದು ಗೆಣಸಿನ ಹೆಸರು. ಹಳೆಯ ಮೈಸೂರಿನ ‘ಉರುಳಗಡ್ಡೆ’ ಆಕಾರವನ್ನು ನೋಡಿ ಕಟ್ಟಿದ ದೇಶ್ಯ ಪದ. ‘ಆಲೂಗಡ್ಡೆ’ ಎಂಬುದರಲ್ಲಿ ಹಳೆಯ ಸಂಸ್ಕೃತ ಶಬ್ದವು ಹೊಸ ವಸ್ತುವಿನ ಮೇಲೆ ಕುಳಿತಿದೆ. ಮೂರು ಹೆಸರುಗಳೂ ಪರದೇಶದ ವಸ್ತುವೊಂದನ್ನು ನುಡಿಯು ತನ್ನದಾಗಿಸಿಕೊಂಡ ಮೂರು ಬಗೆಗಳು.

ಆಗಮದ ವರ್ಗೀಕರಣ

ಆಲೂಗಡ್ಡೆಯ ಹೆಸರು ಆಗಮಗಳಲ್ಲಿ ಇಲ್ಲದಿದ್ದರೂ ಅದನ್ನು ಅಳೆಯುವ ಲಕ್ಷಣಗಳು ಅಲ್ಲಿವೆ. ಗೊಮ್ಮಟಸಾರವು ವನಸ್ಪತಿಯನ್ನು ಅದು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಆಧರಿಸಿ ವಿಂಗಡಿಸುತ್ತದೆ: ಮೂಲಬೀಜ, ಅಗ್ರಬೀಜ, ಪರ್ವಬೀಜ, ಕಂದಬೀಜ, ಸ್ಕಂಧಬೀಜ, ಬೀಜರುಹ, ಸಮ್ಮೂರ್ಛಿಮ. ವ್ಯಾಖ್ಯಾನ ಪರಂಪರೆಯಲ್ಲಿ ಶುಂಠಿ, ಅರಿಸಿನಗಳು ಮೂಲಬೀಜಕ್ಕೂ, ಗೆಣ್ಣಿನಿಂದ ಚಿಗುರುವ ಕಬ್ಬು ಪರ್ವಬೀಜಕ್ಕೂ, ಸುವರ್ಣಗಡ್ಡೆ ಕಂದಬೀಜಕ್ಕೂ, ಗೋಧಿಯಂಥ ಧಾನ್ಯಗಳು ಬೀಜರುಹಕ್ಕೂ ನಿದರ್ಶನಗಳಾಗಿವೆ. ಇಲ್ಲಿ ‘ಬೀಜ’ವೆಂದರೆ ಹೂವಿನಿಂದ ಹುಟ್ಟಿದ ಕಾಳು ಮಾತ್ರವಲ್ಲ; ಸಸ್ಯವನ್ನು ಮತ್ತೆ ಹುಟ್ಟಿಸಬಲ್ಲ ಯಾವ ಅಂಗವೂ ಬೀಜವೇ. ‘ಬೀಜದ ಆಲೂಗಡ್ಡೆ’ ಎನ್ನುವ ಇಂದಿನ ರೈತನ ಮಾತಿನಲ್ಲಿಯೂ ಇದೇ ವಿಶಾಲಾರ್ಥವಿದೆ.

ಎರಡನೆಯ ವಿಂಗಡಣೆ ಇನ್ನೂ ಮುಖ್ಯವಾದುದು. ಒಂದು ಶರೀರಕ್ಕೆ ಒಬ್ಬನೇ ಸ್ವಾಮಿಯಾದ ಜೀವವಿದ್ದರೆ ಅದು ಪ್ರತ್ಯೇಕ ವನಸ್ಪತಿ. ಅನಂತ ಜೀವಗಳು ಒಂದೇ ಶರೀರವನ್ನು ಹಂಚಿಕೊಂಡಿದ್ದರೆ ಅದು ಸಾಧಾರಣ. ಪ್ರತ್ಯೇಕವೂ ಸಾಧಾರಣ ಜೀವಗಳಿಗೆ ಆಶ್ರಯವಾದಾಗ ಸಪ್ರತಿಷ್ಠಿತವೆನಿಸಿ, ಅನಂತಕಾಯವೆಂಬ ವ್ಯವಹಾರಕ್ಕೆ ಒಳಗಾಗುತ್ತದೆ. ಇದನ್ನು ಗುರುತಿಸಲು ಗ್ರಂಥವು ಹೊರಗಿನ ಕುರುಹುಗಳನ್ನು ಹೇಳುತ್ತದೆ. ನರಗಳೂ ಸಂಧಿಗಳೂ ಗೆಣ್ಣುಗಳೂ ಮರೆಯಾಗಿರುವುದು, ಮುರಿದಾಗ ಸಮವಾಗಿ ತುಂಡಾಗುವುದು, ತುಂಡುಗಳ ನಡುವೆ ನಾರು ಎಳೆಯದಿರುವುದು, ಕತ್ತರಿಸಿದ ಮೇಲೂ ಚಿಗುರುವುದು. ಕೊನೆಯದಕ್ಕೆ ‘ಛಿನ್ನರುಹ’ವೆಂದು ಹೆಸರು.

ಈ ನಾಲ್ಕು ಕುರುಹುಗಳನ್ನು ಆಲೂಗಡ್ಡೆಗೆ ಹಚ್ಚಿ ನೋಡಿದರೆ ನಾಲ್ಕೂ ಹೊಂದುತ್ತವೆ. ಕೊಯ್ದ ಹೋಳಿನಲ್ಲಿ ನಾರಿಲ್ಲ. ನರಗಳು ಮೇಲುನೋಟಕ್ಕೆ ಕಾಣಿಸವು. ಕಣ್ಣಿರುವ ಪ್ರತಿ ತುಂಡೂ ಗಿಡವಾಗುತ್ತದೆ. ಹೀಗೆ ಶ್ರಾವಕಾಚಾರವು ಆಲೂಗಡ್ಡೆಯನ್ನು ವರ್ಜ್ಯವೆಂದದ್ದು ಹೆಸರಿನಿಂದಲ್ಲ, ಲಕ್ಷಣದಿಂದ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಮೂಲಂಗಿ, ಹಸಿಶುಂಠಿಗಳ ನಿಷೇಧವಿದೆ, ಅಲ್ಲಿ ಹೇಳಿದ ಕಾರಣ ಅಲ್ಪಫಲ ಮತ್ತು ಬಹುಘಾತ, ಅಂದರೆ ತಿನ್ನುವವನಿಗೆ ದೊರೆಯುವ ಪ್ರಯೋಜನ ಕಡಿಮೆ, ಆಗುವ ಜೀವಹಾನಿ ಹೆಚ್ಚು. ಹೊಸ ವಸ್ತು ಬಂದಾಗ ಈ ಕಾರಣವನ್ನೂ ಆ ಲಕ್ಷಣವನ್ನೂ ಅನ್ವಯಿಸಿ ನಿರ್ಣಯಿಸುವುದು ಪರಂಪರೆಯ ಕ್ರಮವಾಯಿತು.

ಈ ವಿಚಾರದಲ್ಲಿ ಕನ್ನಡದ ಪಾಲೂ ಸಣ್ಣದಲ್ಲ. ಕೇಶವವರ್ಣಿಯು ಗೊಮ್ಮಟಸಾರಕ್ಕೆ ‘ಜೀವತತ್ತ್ವಪ್ರದೀಪಿಕೆ’ ಎಂಬ ಕನ್ನಡ ವೃತ್ತಿಯನ್ನು 1359ರಲ್ಲಿ ಮುಗಿಸಿದನು. ಅದನ್ನು ಆಧರಿಸಿ ಸಂಸ್ಕೃತ ಟೀಕೆ ಹುಟ್ಟಿತು. ಆ ಸಂಸ್ಕೃತ ಟೀಕೆಯನ್ನು ಆಧರಿಸಿ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ತಮ್ಮ ದೇಶಭಾಷೆಯಲ್ಲಿ ವ್ಯಾಖ್ಯಾನ ಬರೆದರು. ಉತ್ತರ ಭಾರತದ ಶ್ರಾವಕರು ಇಂದು ಓದುವ ವನಸ್ಪತಿವಿಚಾರದ ಹಿಂದೆ ಕನ್ನಡದ ಒಂದು ಕೃತಿಯಿದೆಯೆಂಬುದನ್ನು ಸಾಹಿತ್ಯಚರಿತ್ರೆ ಮರೆಯಬಾರದು.

ಗಡ್ಡೆ ಕಟ್ಟುವ ಕಾರಣದ ಶೋಧ

ಆಲೂಗಡ್ಡೆ ಬೇರಲ್ಲ, ಕಾಂಡ. ಮಣ್ಣಿನೊಳಗಿನ ಕಾಂಡಭಾಗದಿಂದ ಅಡ್ಡಕ್ಕೆ ಹರಿಯುವ ಬಿಳಿಯ ಕವಲುಗಳು ಹೊರಡುತ್ತವೆ. ಅವುಗಳ ತುದಿ ಕೊಕ್ಕೆಯಂತೆ ಬಾಗಿ, ಉದ್ದವಾಗುವುದನ್ನು ನಿಲ್ಲಿಸಿ, ದಪ್ಪನಾಗತೊಡಗುತ್ತದೆ. ಜೀವಕೋಶಗಳು ವಿಭಜಿಸುವ ದಿಕ್ಕು ಬದಲಾಗುತ್ತದೆ, ಎಲೆಗಳಿಂದ ಇಳಿದುಬಂದ ಸಕ್ಕರೆ ಪಿಷ್ಟವಾಗಿ ತುಂಬುತ್ತದೆ. ಗಡ್ಡೆಯ ಮೇಲಿನ ಕಣ್ಣುಗಳು ಕಾಂಡದ ಗೆಣ್ಣುಗಳೇ. ಹುಬ್ಬಿನಂಥ ಗೆರೆಯು ಕುಗ್ಗಿದ ಎಲೆಯ ಗುರುತು. ಅದರ ಕಂಕುಳಲ್ಲಿ ಮೊಗ್ಗುಗಳಿವೆ. ಕಾಂಡದ ಮೇಲೆ ಎಲೆಗಳಿರುವಂತೆಯೇ ಅವು ಸುರುಳಿಯ ಕ್ರಮದಲ್ಲಿದ್ದು, ತುದಿಯ ಕಡೆ ಒತ್ತಾಗಿರುತ್ತವೆ. ಗೂಢಪರ್ವ, ಅಂದರೆ ಮರೆಯಾದ ಗೆಣ್ಣು, ಎಂಬ ಶಾಸ್ತ್ರದ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆ ಕವಲಿನ ತುದಿ ಏಕೆ ಉಬ್ಬುತ್ತದೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ ಅದು ಶಿಲೀಂಧ್ರದ ಸೋಂಕಿನ ಪರಿಣಾಮವೆಂದು ವಾದಿಸಿದನು. ಆರ್ಕಿಡ್ ಬೀಜಗಳು ಶಿಲೀಂಧ್ರದ ನೆರವಿನಿಂದ ಮೊಳೆಯುವುದನ್ನು ಕಂಡುಹಿಡಿದ ಕೀರ್ತಿ ಆತನದು. ಅಲ್ಲಿ ಸತ್ಯವಾದುದನ್ನು ಆತ ಇಲ್ಲಿಗೂ ವಿಸ್ತರಿಸಿದನು. ಆದರೆ ಸೂಕ್ಷ್ಮಜೀವಿಗಳಿಲ್ಲದ ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಸಸಿಗಳೂ ಗಡ್ಡೆ ಕಟ್ಟುತ್ತವೆಂದು ತಿಳಿದಾಗ ಆ ವಾದ ನಿಲ್ಲಲಿಲ್ಲ. ಒಂದು ಕ್ಷೇತ್ರದ ಸತ್ಯವನ್ನು ಮತ್ತೊಂದಕ್ಕೆ ಪರೀಕ್ಷೆಯಿಲ್ಲದೆ ಸಾಗಿಸುವುದು ಎಷ್ಟು ದೊಡ್ಡ ಪ್ರತಿಭೆಗೂ ಅಪಾಯವೆಂಬುದಕ್ಕೆ ಇದು ನಿದರ್ಶನ.

1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಹಗಲಿನ ಉದ್ದವು ಸಸ್ಯದ ಹೂಬಿಡುವಿಕೆಯನ್ನು ನಿಯಂತ್ರಿಸುತ್ತದೆಂದು ತೋರಿಸಿದರು. ಗಡ್ಡೆ ಕಟ್ಟುವಿಕೆಗೂ ಇದು ಅನ್ವಯಿಸಿತು. ಭೂಮಧ್ಯರೇಖೆಗೆ ಸಮೀಪದ ಆಂಡೀಸಿನ ತಳಿಗಳು ಹಗಲು ಕಿರಿದಾದಾಗ ಗಡ್ಡೆ ಕಟ್ಟುತ್ತವೆ. ಯುರೋಪಿನ ಬೇಸಗೆಯ ದೀರ್ಘ ಹಗಲಿನಲ್ಲಿ ಅವು ಸೊಪ್ಪಾಗಿ ಬೆಳೆದು, ಹಿಮ ಬೀಳುವ ಹೊತ್ತಿಗೆ ಗಡ್ಡೆಗೆ ತೊಡಗುತ್ತಿದ್ದವು. ಅಲ್ಲಿ ಆಲೂಗಡ್ಡೆ ಜನಸಾಮಾನ್ಯರ ಆಹಾರವಾಗಲು ತಡವಾದುದಕ್ಕೆ ಜನರ ಅನುಮಾನದ ಜೊತೆಗೆ ಇದೂ ಒಂದು ಕಾರಣ. ಒಣಗಿಸಿ ಕಾಪಿಟ್ಟಿದ್ದ 1660ರಿಂದ 1896ರವರೆಗಿನ ಸಸ್ಯಮಾದರಿಗಳ ಡಿಎನ್‌ಎ ಓದಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಯುರೋಪಿನ ಮೊದಲ ತಳಿಗಳು ಆಂಡೀಸಿನವೆಂದೂ, ದೀರ್ಘ ಹಗಲಿಗೆ ಹೊಂದಿಕೊಂಡ ಚಿಲಿಯ ತಳಿಗಳ ಬೆರಕೆ ಅನಂತರ ಆಯಿತೆಂದೂ ಅದು ತೋರಿಸಿತು.

ಹಗಲಿನ ಉದ್ದವನ್ನು ಅರಿಯುವುದು ಎಲೆ. ಗಡ್ಡೆ ಕಟ್ಟುವುದು ಮಣ್ಣೊಳಗಿನ ತುದಿ. ಎರಡರ ನಡುವೆ ಸಂದೇಶ ಹೇಗೆ ಹೋಗುತ್ತದೆ? 1956ರಲ್ಲಿ ಗ್ರೆಗೊರಿ ಎಂಬ ವಿಜ್ಞಾನಿ, ಗಡ್ಡೆಗೆ ಪ್ರೇರಿತವಾದ ಗಿಡದ ಭಾಗವನ್ನು ಪ್ರೇರಿತವಾಗದ ಗಿಡಕ್ಕೆ ಕಸಿಮಾಡಿ, ಸಂದೇಶವು ಕಸಿಯನ್ನು ದಾಟುತ್ತದೆಂದು ಸಾಧಿಸಿದನು. ಸೋವಿಯತ್ ವಿಜ್ಞಾನಿ ಚೈಲಖ್ಯಾನ್ ಮತ್ತು ಸಂಗಡಿಗರು 1981ರಲ್ಲಿ ಹೂಬಿಡಲು ಪ್ರೇರಿತವಾದ ಹೊಗೆಸೊಪ್ಪಿನ ಕುಡಿಯನ್ನು ಆಲೂಗಿಡಕ್ಕೆ ಕಸಿಮಾಡಿದಾಗ ಕೆಳಗೆ ಗಡ್ಡೆಗಳು ಕಟ್ಟಿದವು. ಹೂವನ್ನು ಕರೆಯುವ ಸಂದೇಶ ಮತ್ತು ಗಡ್ಡೆಯನ್ನು ಕರೆಯುವ ಸಂದೇಶ ಒಂದೇ ಬಳಗದವೆಂಬ ಊಹೆ ಗಟ್ಟಿಯಾಯಿತು. 2011ರಲ್ಲಿ ಸ್ಪೇನಿನ ಸಲೋಮೆ ಪ್ರಾಟ್ ಮತ್ತು ಸಹೋದ್ಯೋಗಿಗಳು, ಹೂವಿನ ಸಂದೇಶವಾಹಕ ಪ್ರೋಟೀನಿನ ಬಂಧುವಾದ ಎಸ್‌ಪಿ6ಎ ಎಂಬುದು ಎಲೆಯಿಂದ ಕವಲಿನ ತುದಿಗೆ ಗಡ್ಡೆಯ ಕರೆಯನ್ನು ಒಯ್ಯುತ್ತದೆಂದು ತೋರಿಸಿದರು. ಇದಕ್ಕೂ ಮೊದಲು, 2006ರಲ್ಲಿ, ಅಂಜನ್ ಬ್ಯಾನರ್ಜಿ ಮತ್ತು ಡೇವಿಡ್ ಹ್ಯಾನಪೆಲ್ ಅವರ ತಂಡವು ಬಿಇಎಲ್5 ಎಂಬ ಆರ್‌ಎನ್‌ಎ ಕೂಡ ಎಲೆಯಿಂದ ಕೆಳಗೆ ಸಾಗುವುದನ್ನು ಗುರುತಿಸಿತ್ತು. ಬ್ಯಾನರ್ಜಿಯವರು ಮುಂದೆ ಪುಣೆಯ ಐಸರ್ ಸಂಸ್ಥೆಯಲ್ಲಿ ಈ ಶೋಧವನ್ನು ಮುಂದುವರಿಸಿದರು. ಕವಲಿನ ತುದಿಯಲ್ಲಿ ಜಿಬ್ಬರೆಲಿನ್ ಎಂಬ ಸಸ್ಯಹಾರ್ಮೋನು ಹೆಚ್ಚಾಗಿರುವವರೆಗೆ ಕವಲು ಉದ್ದವಾಗುತ್ತ ಹೋಗುತ್ತದೆ. ಅದು ತಗ್ಗಿದಾಗ ಗಡ್ಡೆಯಾಗುತ್ತದೆ.

ಸುಪ್ತಿ ಮತ್ತು ಮೊಳಕೆ

ಅಗೆದ ಹೊಸ ಗಡ್ಡೆ ಒಡನೆಯೇ ಮೊಳೆಯುವುದಿಲ್ಲ. ನೀರು, ಕಾವು, ಗಾಳಿ ಎಲ್ಲವೂ ಇದ್ದರೂ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಅದರ ಕಣ್ಣು ಮುಚ್ಚಿಯೇ ಇರುತ್ತದೆ. ಈ ಸುಪ್ತಾವಸ್ಥೆಯನ್ನು ಮುರಿಯುವ ಪ್ರಯತ್ನಗಳನ್ನು 1926ರಲ್ಲಿ ಅಮೆರಿಕದ ಡೆನ್ನಿ ಎಂಬ ವಿಜ್ಞಾನಿ ಪ್ರಕಟಿಸಿದನು. ಎಥಿಲೀನ್ ಕ್ಲೋರೊಹೈಡ್ರಿನ್ ಎಂಬ ರಾಸಾಯನಿಕದಿಂದ ಗಡ್ಡೆಗಳು ಬೇಗ ಮೊಳೆತವು. 1949ರಲ್ಲಿ ಸ್ವೀಡನ್ನಿನ ಹೆಂಬರ್ಗ್, ಸುಪ್ತ ಗಡ್ಡೆಯಲ್ಲಿ ಬೆಳವಣಿಗೆಯನ್ನು ತಡೆಯುವ ದ್ರವ್ಯಗಳಿದ್ದು, ಸುಪ್ತಿ ಮುಗಿಯುವಾಗ ಅವು ಇಳಿಯುತ್ತವೆಂದು ತಿಳಿಸಿದನು. ಮುಂದೆ ಅಬ್ಸಿಸಿಕ್ ಆಮ್ಲ ಪತ್ತೆಯಾದಾಗ ಆ ತಡೆಗೆ ಒಂದು ಹೆಸರು ದೊರೆಯಿತು. ಜಿಬ್ಬರೆಲಿನ್ ಮೊಳಕೆಯನ್ನು ಎಬ್ಬಿಸುತ್ತದೆಂಬುದು 1950ರ ದಶಕದಲ್ಲಿ ತಿಳಿಯಿತು. ಸೈಟೋಕೈನಿನ್ ಎಂಬ ಇನ್ನೊಂದು ಹಾರ್ಮೋನಿನ ಪಾತ್ರವೂ ಮುಂದೆ ಸ್ಪಷ್ಟವಾಯಿತು. ಗಡ್ಡೆಯಾಗಲು ತಗ್ಗಬೇಕಾದ ಜಿಬ್ಬರೆಲಿನ್ ಗಡ್ಡೆ ಗಿಡವಾಗಲು ಏರಬೇಕು.

ಸುಪ್ತಿ ಮುಗಿದಾಗ ಮೊದಲು ಎದ್ದೇಳುವುದು ಸಾಮಾನ್ಯವಾಗಿ ತುದಿಯ ಕಣ್ಣು. ಅದು ಉಳಿದ ಕಣ್ಣುಗಳನ್ನು ಅಡಗಿಸಿಟ್ಟಿರುತ್ತದೆ. ಆ ಮೊಳಕೆಯನ್ನು ಮುರಿದರೆ, ಅಥವಾ ಗಡ್ಡೆಯನ್ನು ಹೋಳು ಮಾಡಿದರೆ, ಉಳಿದವು ಏಳುತ್ತವೆ. ಛಿನ್ನರುಹ ಲಕ್ಷಣದ ಒಳಗಿನ ಯಂತ್ರ ಇದು: ಕತ್ತಿಯು ಹೊಸ ಮೊಗ್ಗನ್ನು ಸೃಷ್ಟಿಸುವುದಿಲ್ಲ, ಇದ್ದ ಮೊಗ್ಗಿನ ಮೇಲಿನ ತಡೆಯನ್ನು ತೆಗೆಯುತ್ತದೆ.

ಭಾರತದಲ್ಲಿ ಈ ಜ್ಞಾನವು ಹೊಟ್ಟೆಯ ಪ್ರಶ್ನೆಗೆ ನೇರವಾಗಿ ತಾಗಿತು. 1949ರಲ್ಲಿ ಪಟ್ನಾದಲ್ಲಿ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಸ್ಥಾಪಿತವಾಗಿ, 1956ರಲ್ಲಿ ಶಿಮ್ಲಾಕ್ಕೆ ಸಾಗಿತು. ರೋಗ ಹರಡುವ ಗಿಡಹೇನುಗಳು ಕಡಿಮೆಯಿರುವ ಬೆಟ್ಟಗಳಲ್ಲಿ ಬೀಜದ ಗಡ್ಡೆ ಬೆಳೆದರೆ, ಬಯಲಿನಲ್ಲಿ ನೆಡುವ ಹೊತ್ತಿಗೆ ಅದು ಇನ್ನೂ ಸುಪ್ತಿಯಲ್ಲಿರುತ್ತಿತ್ತು. ಪುಷ್ಕರನಾಥರು ರೂಪಿಸಿದ ಕ್ರಮದಿಂದ, ಗಿಡಹೇನು ಕಡಿಮೆಯಿರುವ ಚಳಿಗಾಲದಲ್ಲಿ ಬಯಲಿನಲ್ಲಿಯೇ ಬೀಜ ಬೆಳೆದು, ಶೀತಗೃಹದಲ್ಲಿ ಕಾಪಿಟ್ಟು, ಮುಂದಿನ ಋತುವಿಗೆ ಬಳಸುವುದು ಸಾಧ್ಯವಾಯಿತು. ಹಾಸನದ ರೈತನು ಕೊಳ್ಳುವ ಬೀಜ ಬಹುಪಾಲು ಪಂಜಾಬಿನ ಜಲಂಧರದ ಕಡೆಯ ಶೀತಗೃಹಗಳಿಂದ ಮುಂಗಾರಿಗೆ ಮುನ್ನ ಬರುತ್ತದೆ. ಹೋಳಾದ ಗಡ್ಡೆಯ ಗಾಯ ಮಾಯುವ ಮುನ್ನ ಹಸಿಮಣ್ಣು ಸೇರಿದರೆ ಕೊಳೆಯುತ್ತದೆ. ಮಳೆ ಹೆಚ್ಚಿ ಅಂಗಮಾರಿ ಬಿದ್ದರೆ ಬೆಳೆಯೇ ಹೋಗುತ್ತದೆ. ಆತನ ವರ್ಷದ ಬದುಕು ಆ ಕಣ್ಣು ತೆರೆಯುವ ಹೊತ್ತನ್ನು ನಂಬಿದೆ.

ಹೋಲಿಕೆಯ ಮಿತಿ

ಮೊಳೆಯುವಿಕೆಯನ್ನು ಕುರಿತು ಗೊಮ್ಮಟಸಾರವೂ ಒಂದು ಪ್ರಶ್ನೆಯನ್ನು ಎತ್ತಿಕೊಂಡಿದೆ. ಯೋನಿಭೂತವಾದ, ಅಂದರೆ ಹುಟ್ಟಿಗೆ ಆಶ್ರಯವಾಗಬಲ್ಲ, ಬೀಜದಲ್ಲಿ ಜನಿಸುವ ಜೀವ ಯಾವುದು? ಮೊದಲು ಅಲ್ಲಿದ್ದ ಜೀವವೇ ಮತ್ತೆ ಹುಟ್ಟಬಹುದು, ಅಥವಾ ಬೇರೊಂದು ಜೀವ ಬಂದು ಹುಟ್ಟಬಹುದು ಎಂಬುದು ಅದರ ಉತ್ತರ. ಮೊಳಕೆಯ ಮೊದಲ ಅವಸ್ಥೆಯಲ್ಲಿ ಕಂದ ಮೂಲಾದಿಗಳೂ ಪ್ರತ್ಯೇಕವೇ ಎಂದು ಅದು ಸೇರಿಸುತ್ತದೆ. ಒಂದೇ ಅಂಗವು ಎಲ್ಲ ಕಾಲಕ್ಕೂ ಒಂದೇ ಸ್ಥಿತಿಯಲ್ಲಿರದು ಎಂಬ ಅವಸ್ಥಾಭೇದದ ಅರಿವು ಇಲ್ಲಿದೆ.

ಸಸ್ಯವಿಜ್ಞಾನಕ್ಕೂ ಅದೇ ಎಡೆಯಲ್ಲಿ ಒಂದು ಪ್ರಶ್ನೆಯಿದೆ: ಗಡ್ಡೆಯಿಂದ ಹುಟ್ಟಿದ ಗಿಡವು ಹಳೆಯ ಗಿಡವೇ, ಹೊಸದೇ? ವಂಶವಾಹಿಯ ದೃಷ್ಟಿಯಿಂದ ಅದು ತಾಯಿಗಿಡದ ನಕಲು. ಒಂದು ತಳಿಯ ಲಕ್ಷಾಂತರ ಗಿಡಗಳು ಒಂದೇ ಗಿಡದ ಚದುರಿದ ದೇಹವೆಂದರೂ ಸಲ್ಲುತ್ತದೆ. ಇದರ ಬೆಲೆಯನ್ನು ಐರ್ಲೆಂಡ್ ತೆತ್ತಿತು. ಅಲ್ಲಿನ ಬಡವರು ‘ಲಂಪರ್’ ಎಂಬ ಒಂದೇ ತಳಿಯನ್ನು ಬಹುವಾಗಿ ನಂಬಿದ್ದರು. 1845ರಲ್ಲಿ ಅಂಗಮಾರಿ ಬಂದಾಗ ಒಂದು ಗಿಡವನ್ನು ಕೊಂದ ರೋಗ ಎಲ್ಲವನ್ನೂ ಕೊಲ್ಲಬಲ್ಲುದಾಗಿತ್ತು. ಆಳುವವರ ನೀತಿಯೂ ಕೈಬಿಟ್ಟಾಗ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ನಾಡು ತೊರೆದರು. ಸಾಧಾರಣ ಜೀವಗಳಲ್ಲಿ ಆಹಾರವೂ ಉಸಿರೂ ಸಮಾನ, ಒಂದರ ಮರಣದೊಡನೆ ಅನಂತದ ಮರಣ ಎಂಬ ಸಿದ್ಧಾಂತವಾಕ್ಯವನ್ನು ಬಲ್ಲವರಿಗೆ ಈ ಇತಿಹಾಸ ಓದುವಾಗ ಮನಸ್ಸು ನಡುಗದಿರದು.

ಆದರೆ ನೆನಪಾಗುವುದು ಬೇರೆ, ಒಂದೆನ್ನುವುದು ಬೇರೆ. ಅನಂತಕಾಯದ ಅನಂತ ಜೀವಗಳು ಭಿನ್ನ ಜೀವಗಳು. ಅವು ಹಂಚಿಕೊಂಡದ್ದು ಶರೀರವನ್ನು. ತಳಿಯ ಗಿಡಗಳಲ್ಲಿ ಶರೀರಗಳು ಹಲವು, ವಂಶವಾಹಿ ಒಂದು. ಹೋಲಿಕೆ ಇಲ್ಲಿ ತಿರುವುಮುರುವಾಗಿದೆ. ಕಣ್ಣುಗಳ ಎಣಿಕೆಯಾಗಲಿ, ಜೀವಕೋಶಗಳ ಎಣಿಕೆಯಾಗಲಿ ಜೀವಗಳ ಎಣಿಕೆಯಲ್ಲ. ಆಗಮದ ‘ಜೀವ’ ಸೂಕ್ಷ್ಮದರ್ಶಕದ ವಿಷಯವಲ್ಲ. ಆದುದರಿಂದ ಆಲೂಗಡ್ಡೆ ಅನಂತಕಾಯವೆಂದು ವಿಜ್ಞಾನ ಸಿದ್ಧಪಡಿಸಿದೆ ಎನ್ನುವುದು ವಿಜ್ಞಾನಕ್ಕೂ ಆಗಮಕ್ಕೂ ಅನ್ಯಾಯ. ಹಾಗೆಯೇ, ವಿಜ್ಞಾನವು ಅದನ್ನು ಕಾಂಡವೆಂದು ಹೇಳಿದುದರಿಂದ ಕಂದಮೂಲದ ನಿಷೇಧ ಅದಕ್ಕೆ ತಗಲುವುದಿಲ್ಲ ಎನ್ನುವ ವಾದವೂ ನಿಲ್ಲದು; ಶಾಸ್ತ್ರವು ಕಂದವನ್ನು ಮೂಲದಿಂದ ಬೇರೆಯಾಗಿಯೇ ಎಣಿಸಿದೆ, ನಿರ್ಣಯವನ್ನು ಲಕ್ಷಣಕ್ಕೆ ಬಿಟ್ಟಿದೆ.

ಎರಡು ಪರಂಪರೆಗಳೂ ನಿಜವಾಗಿ ಕೂಡುವುದು ನೋಟದ ಎಚ್ಚರದಲ್ಲಿ. ಮುರಿದು ನೋಡಿದವರು, ನಾರಿದೆಯೇ ಎಂದು ಪರೀಕ್ಷಿಸಿದವರು, ಕತ್ತರಿಸಿದ ತುಂಡು ಚಿಗುರುವುದನ್ನು ಗಮನಿಸಿದವರು ಆ ಲಕ್ಷಣಗಳನ್ನು ಬರೆದಿಟ್ಟರು. ಕಸಿಮಾಡಿ, ಹಗಲನ್ನು ಅಳೆದು, ಸಂದೇಶದ ಜಾಡು ಹಿಡಿದವರು ಕಾರಣವನ್ನು ಬಿಡಿಸಿದರು. ಒಬ್ಬರ ಪ್ರಶ್ನೆ ಇದನ್ನು ಹೇಗೆ ಬೆಳೆಸಬೇಕೆಂಬುದು. ಮತ್ತೊಬ್ಬರದು ಇದನ್ನು ನೋಯಿಸದೆ ಹೇಗೆ ಬಾಳಬೇಕೆಂಬುದು. ಪ್ರಶ್ನೆಗಳು ಬೇರೆಯಾದಲ್ಲಿ ಉತ್ತರಗಳು ಒಂದನ್ನೊಂದು ಖಂಡಿಸುವುದಿಲ್ಲ, ಸಮರ್ಥಿಸುವುದೂ ಇಲ್ಲ. ವ್ರತಕ್ಕೆ ಆಧಾರವಾಗಿರುವುದು ಅಹಿಂಸೆ. ಅದು ಪ್ರಯೋಗಶಾಲೆಯ ಸಮ್ಮತಿಗಾಗಿ ಕಾದಿಲ್ಲ. ಕೇಶವವರ್ಣಿಯ ವೃತ್ತಿಯನ್ನು ಓದುವವರು ಹೊಲದ ಗಡ್ಡೆಯನ್ನೂ ಒಮ್ಮೆ ಕೈಗೆತ್ತಿಕೊಂಡು ನೋಡಿದರೆ, ಲಕ್ಷಣ ಬರೆದ ಆಚಾರ್ಯರ ಕಣ್ಣು ಎಷ್ಟು ಹರಿತವಾಗಿತ್ತೆಂಬುದು ತಾನಾಗಿ ತಿಳಿಯುತ್ತದೆ.